ಒಂದಕ್ಕೆ ನಾಲ್ಕು: ಹಬ್ಬದ ಫ್ರೂಟ್ ಕೇಕ್ ಮತ್ತು ನೀರಿನ ಲೆಕ್ಕ

ಫ್ರೂಟ್ ಕೇಕ್ ಕೆಟ್ಟುಹೋದರೆ ಎಲ್ಲರೂ ಮೊದಲು ಬೈಯುವುದು ಓವನ್ನನ್ನು. ಬಹಳಷ್ಟು ಸಲ ಓವನ್ನಿನದು ತಪ್ಪೇ ಇರುವುದಿಲ್ಲ. ಹಿಂದಿನ ದಿನ ಹಣ್ಣು ನೆನೆಹಾಕುವಾಗಲೇ ಕೆಲಸ ಕೆಟ್ಟಿರುತ್ತದೆ. ಈ ಕೇಕಿನಲ್ಲಿ ಏನೇ ಎಡವಟ್ಟಾದರೂ, ಒಣಗಲಿ, ಕುಸಿಯಲಿ, ಬೂಷ್ಟು ಹಿಡಿಯಲಿ, ಕೊನೆಗೆ ನಾವು ಹೋಗಿ ನಿಲ್ಲುವುದು ನೀರಿನ ಹತ್ತಿರ. ನೀರು ಎಲ್ಲಿದೆ, ಎಷ್ಟಿದೆ, ಯಾವ ಕಡೆ ಹರಿಯುತ್ತಿದೆ ಅನ್ನುವುದನ್ನು ಗಮನಿಸುತ್ತಾ ಹೋದರೆ ಇವತ್ತು ಹೇಳುವುದೆಲ್ಲ ತಾನಾಗಿಯೇ ಜೋಡಣೆಯಾಗುತ್ತದೆ.

ಮೊದಲು ಅಳತೆ. ಬರೆದುಕೊಳ್ಳಬೇಕಾದದ್ದು ಒಂದೇ ಸಾಲು: ಮೈದಾ ಒಂದು ಪಾಲು, ಬೆಣ್ಣೆ ಒಂದು, ಕಂದು ಸಕ್ಕರೆ ಒಂದು, ಮೊಟ್ಟೆ ಒಂದು, ಹಣ್ಣು ನಾಲ್ಕು. ಎಲ್ಲವೂ ತೂಕದಲ್ಲಿ. 20 ಸೆಂಟಿಮೀಟರ್ ಅಗಲದ, ಕನಿಷ್ಠ 7 ಸೆಂಟಿಮೀಟರ್ ಎತ್ತರದ ದುಂಡು ಟಿನ್ನಿಗೆ ಒಂದು ಪಾಲು ಅಂದರೆ 225 ಗ್ರಾಂ, ಹಣ್ಣು 900 ಗ್ರಾಂ. ಮೊಟ್ಟೆಯನ್ನೂ ಒಡೆದು ತೂಗಿ. ದೊಡ್ಡದಾದರೆ ನಾಲ್ಕು ಸಾಕು, ಚಿಕ್ಕದಾದರೆ ಐದು ಬೇಕಾದೀತು. ಇದರ ಮೇಲೆ ಬಾದಾಮಿ ಪುಡಿ 50 ಗ್ರಾಂ, ಒರಟಾಗಿ ಹೆಚ್ಚಿದ ಬಾದಾಮಿ ಅಥವಾ ಅಕ್ರೋಟ್ 50 ಗ್ರಾಂ, ಕಾಲು ಚಮಚ ಉಪ್ಪು, ಒಂದು ಕಿತ್ತಳೆ ಮತ್ತು ಒಂದು ನಿಂಬೆಯ ಸಿಪ್ಪೆಯ ತುರಿ. ಮಸಾಲೆ ಪುಡಿ ಒಟ್ಟು ಎರಡು ಟೀ ಚಮಚ: ಚಕ್ಕೆ ಒಂದು, ಜಾಯಿಕಾಯಿ ಅರ್ಧ, ಒಣಶುಂಠಿ ಕಾಲು, ಲವಂಗ ಕಾಲು. ಲವಂಗದಲ್ಲಿ ಕೈ ಬಿಗಿ ಇರಲಿ. ಸ್ವಲ್ಪ ಹೆಚ್ಚಾದರೂ ಕೇಕು ಹಲ್ಲುನೋವಿನ ಔಷಧಿಯ ವಾಸನೆ ಹೊಡೆಯುತ್ತದೆ, ಆಮೇಲೆ ಅದಕ್ಕೆ ಪರಿಹಾರವಿಲ್ಲ.

ಕಪ್ಪಿನಲ್ಲಿ ಅಳೆಯಬಹುದೇ ಎಂದು ಕೇಳುವವರಿದ್ದಾರೆ. ಮೈದಾಕ್ಕೆ ಹೇಗೋ ನಡೆದೀತು, ಒಣದ್ರಾಕ್ಷಿಗೆ ನಡೆಯುವುದಿಲ್ಲ. ಒತ್ತಿ ತುಂಬಿದ ಕಪ್ಪಿಗೂ ಸಡಿಲವಾಗಿ ತುಂಬಿದ ಕಪ್ಪಿಗೂ ವ್ಯತ್ಯಾಸ ದೊಡ್ಡದು, ಮತ್ತು ಈ ಕೇಕಿನಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಹಣ್ಣಿನದೇ. ಒಂದು ತಕ್ಕಡಿ ಇಟ್ಟುಕೊಳ್ಳಿ.

ಟಿನ್ನಿನ ಗಾತ್ರ ಬೇರೆ ಇದ್ದರೆ ತಳದ ವಿಸ್ತೀರ್ಣ ನೋಡಿ ಲೆಕ್ಕ ಹಾಕಬೇಕು, ಅಗಲ ನೋಡಿ ಅಲ್ಲ. 20 ಸೆಂಟಿಮೀಟರ್ ದುಂಡು ಟಿನ್ನಿನ ತಳ ಸುಮಾರು 314 ಚದರ ಸೆಂಟಿಮೀಟರ್. 15ರ ದುಂಡು ಟಿನ್ನಿನದು 177, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. 23ರದು 415, ಅಂದರೆ ಎಲ್ಲವನ್ನೂ ಮೂರನೇ ಒಂದರಷ್ಟು ಹೆಚ್ಚಿಸಿಕೊಳ್ಳಿ. 18ರ ಚೌಕ ಟಿನ್ನು 324, ಹಾಗಾಗಿ ಅದಕ್ಕೆ ಇದೇ ಅಳತೆ ಸರಿಹೋಗುತ್ತದೆ.

ಈಗ ಹಣ್ಣಿಗೆ ಬರೋಣ. ಬಿಳಿ ಒಣದ್ರಾಕ್ಷಿ 300 ಗ್ರಾಂ, ಕಪ್ಪು ಒಣದ್ರಾಕ್ಷಿ 300, ಖರ್ಜೂರ 100, ಸಕ್ಕರೆಪಾಕದ ಚೆರ್ರಿ 75, ಪಾಕದ ಕಿತ್ತಳೆ ಸಿಪ್ಪೆ 75, ಅಂಜೂರ ಅಥವಾ ಏಪ್ರಿಕಾಟ್ 50. ಈ ಹಂಚಿಕೆ ನಿಮ್ಮಿಷ್ಟದಂತೆ ಬದಲಾಗಬಹುದು, ಆದರೆ ಒಣದ್ರಾಕ್ಷಿ ಅರ್ಧಕ್ಕಿಂತ ಕಡಿಮೆಯಾಗದಿರಲಿ. ಖರ್ಜೂರ ಮತ್ತು ಅಂಜೂರ ಕರಗಿ ಹಿಟ್ಟಿಗೆ ಸೇರಿಕೊಳ್ಳುತ್ತವೆ, ಅವು ಹೆಚ್ಚಾದರೆ ಕೇಕು ಜಿಗುಟು ಜಿಗುಟಾಗುತ್ತದೆ. ದೊಡ್ಡ ಹಣ್ಣುಗಳನ್ನೆಲ್ಲ ಒಣದ್ರಾಕ್ಷಿಯ ಗಾತ್ರಕ್ಕೇ ಕತ್ತರಿಸಿ. ಕತ್ತರಿಗೆ ಒಂದು ಹನಿ ಎಣ್ಣೆ ಸವರಿಕೊಂಡರೆ ಅಂಟುವುದಿಲ್ಲ. ಚೆರ್ರಿಯನ್ನು ಬಿಸಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿಯೇ ಹಾಕಬೇಕು. ಅದರ ಮೈಮೇಲಿನ ಪಾಕ ಹಿಟ್ಟನ್ನು ಅಲ್ಲಲ್ಲೇ ತೆಳ್ಳಗಾಗಿಸಿ ಚೆರ್ರಿಯನ್ನು ತಳಕ್ಕೆ ಜಾರಿಸುತ್ತದೆ.

ಒಣದ್ರಾಕ್ಷಿಯಲ್ಲಿ ನೀರಿರುವುದು ಸುಮಾರು ಶೇಕಡ 15. ಬೆಂದ ಕೇಕಿನ ತಿರುಳಿನಲ್ಲಿ ಅದಕ್ಕಿಂತ ಹೆಚ್ಚು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಣಗಿದ್ದು ಹಸಿಯದರಿಂದ ನೀರು ಎಳೆಯುತ್ತದೆ. ನೆನೆಯದ ಹಣ್ಣು ಹಾಕಿದ ಕೇಕು ಮೊದಲ ದಿನ ಚೆನ್ನಾಗಿದ್ದು ನಾಲ್ಕನೆಯ ದಿನ ಪುಡಿಪುಡಿ ಆಗುವುದು ಇದೇ ಕಾರಣಕ್ಕೆ. ಮನೆಯವರು ‘ಹೆಚ್ಚು ಬೇಯಿಸಿಬಿಟ್ಟೆ’ ಅಂದುಕೊಳ್ಳುತ್ತಾರೆ. ಬೇಯಿಸಿದ್ದು ಸರಿಯಾಗಿಯೇ ಇರುತ್ತದೆ, ಆಮೇಲೆ ಹಣ್ಣು ನೀರು ಕುಡಿದಿರುತ್ತದೆ.

900 ಗ್ರಾಂ ಹಣ್ಣಿಗೆ 120 ಮಿಲಿಲೀಟರ್ ರಮ್ ಅಥವಾ ಬ್ರಾಂಡಿ. ಗಾಜಿನ ಒಣ ಜಾಡಿಯಲ್ಲಿ ಹಾಕಿ, ಮುಚ್ಚಿ, ಕನಿಷ್ಠ 12 ಗಂಟೆ. ಮಧ್ಯೆ ಎರಡು ಮೂರು ಸಲ ಜಾಡಿ ಮಗುಚಿ. ಮರುದಿನ ತಳದಲ್ಲಿ ಒಂದೆರಡು ಚಮಚ ದ್ರವ ಉಳಿದಿದ್ದರೆ ತೊಂದರೆಯಿಲ್ಲ, ಕಾಲು ಕಪ್ಪು ಉಳಿದಿದ್ದರೆ ಬಸಿದು ಪಕ್ಕಕ್ಕಿಡಿ, ಬೆಂದ ಮೇಲೆ ಉಪಯೋಗಕ್ಕೆ ಬರುತ್ತದೆ. ತಿಂಗಳುಗಟ್ಟಲೆ ನೆನೆಸುವವರಿದ್ದಾರೆ. ಹಣ್ಣು ಮುಳುಗುವಷ್ಟು ಮದ್ಯ ಇದ್ದರೆ ಅದು ಕೆಡುವುದಿಲ್ಲ, ಆದರೆ ರುಚಿಯಲ್ಲಿ ನೀವು ಕಾದಷ್ಟು ಲಾಭ ಸಿಗುವುದೂ ಇಲ್ಲ. ಒಂದು ವಾರ ನೆನೆದದ್ದಕ್ಕೂ ಆರು ತಿಂಗಳು ನೆನೆದದ್ದಕ್ಕೂ ಇರುವ ಅಂತರಕ್ಕಿಂತ, ನೆನೆಯದ್ದಕ್ಕೂ ಒಂದು ರಾತ್ರಿ ನೆನೆದದ್ದಕ್ಕೂ ಇರುವ ಅಂತರ ಬಹಳ ದೊಡ್ಡದು.

ಮದ್ಯ ಬೇಡ ಅನ್ನುವವರು ಅಷ್ಟೇ ಕಿತ್ತಳೆ ರಸ ಬಳಸಿ, ಆದರೆ ವಿಧಾನ ಬೇರೆ. ರಸವನ್ನೂ ಹಣ್ಣನ್ನೂ ಒಟ್ಟಿಗೆ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬಿಸಿಮಾಡಿ, ಮುಚ್ಚಿ ಆರಲು ಬಿಡಿ. ಎರಡು ಗಂಟೆಯಲ್ಲಿ ಹಣ್ಣು ಉಬ್ಬಿರುತ್ತದೆ. ಅದೇ ದಿನ ಕೇಕು ಮಾಡಿ, ಇಲ್ಲವೇ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ರಸದ ಹಣ್ಣನ್ನು ಹೊರಗೆ ವಾರಗಟ್ಟಲೆ ಇಟ್ಟರೆ ಹುಳಿದು ನೊರೆ ಏಳುತ್ತದೆ. ಮುಚ್ಚಳ ತೆಗೆದಾಗ ಬುಸ್ ಎಂದರೆ ಅದನ್ನು ಚೆಲ್ಲಿಬಿಡಿ, ಸಕ್ಕರೆ ಹಾಕಿ ಉಳಿಸಿಕೊಳ್ಳಲು ಹೋಗಬೇಡಿ.

ಬಾದಾಮಿ, ಅಕ್ರೋಟನ್ನು ಹಣ್ಣಿನ ಜೊತೆ ನೆನೆಹಾಕಬೇಡಿ, ಮೆತ್ತಗಾಗಿ ಕಚ್ಚಲು ಏನೂ ಉಳಿಯುವುದಿಲ್ಲ. 160 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಹುರಿದು, ತಣಿಸಿ, ಕೊನೆಗೆ ಹಾಕುವುದು.

ಕಿತ್ತಳೆ ಸಿಪ್ಪೆಯ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಅಂಗಡಿಯ ಡಬ್ಬದಲ್ಲಿ ಬರುವುದಕ್ಕೂ ಮನೆಯಲ್ಲಿ ಮಾಡಿದ್ದಕ್ಕೂ ಹೋಲಿಕೆಯೇ ಇಲ್ಲ, ಈ ಕೇಕಿನಲ್ಲಿ ಯಾವುದಾದರೂ ಒಂದಕ್ಕೆ ಹೆಚ್ಚು ಶ್ರಮ ಪಡುವುದಾದರೆ ಇದಕ್ಕೇ ಪಡಿ. ದಪ್ಪ ಸಿಪ್ಪೆಯ ನಾಲ್ಕು ಕಿತ್ತಳೆ. ಸಿಪ್ಪೆಯನ್ನು ಒಳಗಿನ ಬಿಳಿಯ ಸಮೇತ ಬಿಡಿಸಿ, ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಹೆಚ್ಚಿ. ತಣ್ಣೀರಲ್ಲಿ ಹಾಕಿ ಕುದಿಸಿ, ಹತ್ತು ನಿಮಿಷ ಬೇಯಿಸಿ, ನೀರು ಚೆಲ್ಲಿ. ಹೀಗೆ ಮೂರು ಸಲ. ಕಹಿ ನೀರಿನಲ್ಲಿ ಇಳಿದುಹೋಗುತ್ತದೆ. ಮೂರನೆಯ ಸಲ ಮಾತ್ರ ಸಿಪ್ಪೆ ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯುವವರೆಗೂ ಬಿಡಿ. ಸಕ್ಕರೆ ಸೇರಿದ ಮೇಲೆ ಸಿಪ್ಪೆ ಇನ್ನು ಮೆತ್ತಗಾಗುವುದಿಲ್ಲ. ಅರೆಬೆಂದದ್ದನ್ನು ಪಾಕಕ್ಕೆ ಹಾಕಿದರೆ ಎಷ್ಟು ಹೊತ್ತು ಕುದಿಸಿದರೂ ಚರ್ಮದಂತೆಯೇ ಇರುತ್ತದೆ.

ಆಮೇಲೆ 300 ಗ್ರಾಂ ಸಕ್ಕರೆಗೆ 300 ಮಿಲಿಲೀಟರ್ ನೀರು, ಅದು ಕರಗಿದ ಮೇಲೆ ಸಿಪ್ಪೆ ಹಾಕಿ ತೀರಾ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಗುಳ್ಳೆ ಅಂಚಿನಲ್ಲಿ ಮಾತ್ರ ಏಳುತ್ತಿರಬೇಕು. ಜೋರು ಉರಿಯಲ್ಲಿ ಪಾಕ ಬೇಗ ಗಟ್ಟಿಯಾಗುತ್ತದೆ, ಸಕ್ಕರೆ ಸಿಪ್ಪೆಯೊಳಗೆ ಹೋಗುವ ಮೊದಲೇ ಸಿಪ್ಪೆಯೊಳಗಿನ ನೀರು ಹೊರಗೆ ಬಂದುಬಿಡುತ್ತದೆ. ಸಿಪ್ಪೆ ಸುರುಟಿ ಕಡ್ಡಿಯಾಗುತ್ತದೆ. ನಿಧಾನಕ್ಕೆ ಬಿಟ್ಟರೆ ಬಿಳಿ ಭಾಗ ಮಬ್ಬು ಕಳೆದುಕೊಂಡು ಬೆಳಕಿಗೆ ಹಿಡಿದರೆ ಹೊಳೆಯುವಂತಾಗುತ್ತದೆ. ಉರಿ ಆರಿಸಿ, ರಾತ್ರಿಯಿಡೀ ಪಾಕದಲ್ಲೇ ಇರಲಿ. ಮರುದಿನ ಜಾಲರಿಯ ಮೇಲೆ ಒಂದು ದಿನ ಬಸಿಯಲು ಬಿಡಿ. ಉಳಿದ ಪಾಕ ಚೆಲ್ಲಬೇಡಿ, ಅದಕ್ಕೆ ಕೆಲಸವಿದೆ.

ಕೇಕಿನ ಕಡುಬಣ್ಣ ಹಣ್ಣಿನಿಂದಲೇ ಬರುತ್ತದೆ ಅಂದುಕೊಳ್ಳುವವರು ಬಹಳ. ಕಂದು ಸಕ್ಕರೆಯಿಂದ ಒಂದಿಷ್ಟು ಬರುತ್ತದೆ, ಮಿಕ್ಕಿದ್ದು ಸುಟ್ಟ ಸಕ್ಕರೆಯದು. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆಯನ್ನು ನೀರು ಹಾಕದೆ ಮಧ್ಯಮ ಉರಿಯಲ್ಲಿ ಕರಗಿಸಿ. ಜೇನಿನ ಬಣ್ಣಕ್ಕೆ ಬರುತ್ತದೆ, ಆಮೇಲೆ ಕೆಂಪು, ಆಮೇಲೆ ಕಾಫಿ ಡಿಕಾಕ್ಷನ್ನಿನ ಬಣ್ಣ. ತೆಳ್ಳನೆ ಹೊಗೆ ಏಳಲು ಶುರುವಾದ ಕ್ಷಣ ಉರಿ ಆರಿಸಿ, ಕುದಿಯುವ ನೀರು 100 ಮಿಲಿಲೀಟರ್, ಚೂರು ಚೂರಾಗಿ, ಕೈ ದೂರ ಇಟ್ಟು ಹಾಕಿ. ಸಕ್ಕರೆ ಆಗ 180 ಡಿಗ್ರಿಗೂ ಮೇಲಿರುತ್ತದೆ. ನೀರು ಬಿದ್ದಕೂಡಲೇ ಆವಿಯಾಗಿ ಸಿಡಿಯುತ್ತದೆ, ತಣ್ಣೀರಾದರೆ ಇನ್ನೂ ಜೋರಾಗಿ. ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿ. ಇದರಲ್ಲಿ ಎರಡು ದೊಡ್ಡ ಚಮಚ ಕೇಕಿಗೆ ಸಾಕು. ಗಂಟಲು ಹಿಡಿಯುವ ಕಟು ವಾಸನೆ ಬಂದಿದ್ದರೆ ಸುಟ್ಟು ಕರಕಲಾಗಿದೆ ಎಂದೇ ಅರ್ಥ. 100 ಗ್ರಾಂ ಸಕ್ಕರೆ ಹೋದರೆ ಹೋಗಲಿ, ಮತ್ತೆ ಮಾಡಿ.

ಹಿಟ್ಟು ಕಲಸುವ ದಿನ ಬೆಣ್ಣೆ, ಮೊಟ್ಟೆ, ನೆನೆದ ಹಣ್ಣು ಎಲ್ಲವೂ ಹೊರಗಿನ ಬಿಸಿಗೆ ಬಂದಿರಬೇಕು. ಬೆಣ್ಣೆ ಒತ್ತಿದರೆ ಬೆರಳಿನ ಗುರುತು ಮೂಡಬೇಕು, ಜಿಡ್ಡು ಹೊಳೆಯುತ್ತಿರಬಾರದು, ಕರಗಿರಲೇಬಾರದು. ಬೆಣ್ಣೆ ಮತ್ತು ಕಂದು ಸಕ್ಕರೆಯನ್ನು ಬೀಟರಿನಲ್ಲಿ ಐದಾರು ನಿಮಿಷ ಹೊಡೆಯಿರಿ, ಬಣ್ಣ ಒಂದು ಪಟ್ಟು ತಿಳಿಯಾಗುವವರೆಗೆ. ಈ ಕೇಕಿಗೆ ಬೇಕಿಂಗ್ ಪೌಡರ್ ಬೇಕಿಲ್ಲ. ಇಲ್ಲಿ ಸಿಕ್ಕಿಸಿದ ಗಾಳಿಯೇ ಸಾಕು. ಹೆಚ್ಚು ಉಬ್ಬುವ ಹಿಟ್ಟು ಹಣ್ಣಿನ ಭಾರ ಹೊರಲಾರದೆ ನಡುವೆ ಕುಸಿಯುತ್ತದೆ.

ಮೊಟ್ಟೆಯನ್ನು ಕಲಕಿಟ್ಟುಕೊಂಡು ಆರೇಳು ಕಂತಿನಲ್ಲಿ ಸೇರಿಸಿ. ಬೆಣ್ಣೆ ಮತ್ತು ಮೊಟ್ಟೆಯ ನೀರು ಎರಡೂ ಒಂದಾಗಿರಬೇಕು. ಮೊಟ್ಟೆ ತಣ್ಣಗಿದ್ದರೆ ಬೆಣ್ಣೆ ಗಡ್ಡೆ ಕಟ್ಟಿ ನೀರು ಬಿಡುತ್ತದೆ, ಬಟ್ಟಲಲ್ಲಿ ನೋಡಿದರೆ ಒಡೆದ ಹಾಲಿನಂತೆ ಕಾಣುತ್ತದೆ. ಆಗ ಗಾಬರಿಯಾಗಬೇಡಿ. ಅಳೆದಿಟ್ಟ ಮೈದಾದಿಂದಲೇ ಒಂದು ದೊಡ್ಡ ಚಮಚ ಹಾಕಿ ಕಲಸಿದರೆ ಹೆಚ್ಚಿನಂಶ ಸರಿಹೋಗುತ್ತದೆ. ಬಟ್ಟಲನ್ನು ಒಂದೆರಡು ನಿಮಿಷ ಉಗುರುಬೆಚ್ಚಗಿನ ನೀರಿನ ಮೇಲೆ ಹಿಡಿದು ಹೊಡೆದರೂ ಆಗುತ್ತದೆ.

ಮೈದಾ, ಬಾದಾಮಿ ಪುಡಿ, ಮಸಾಲೆ, ಉಪ್ಪು ಸೇರಿಸಿ ಮೂರು ಸಲಕ್ಕೆ ಹಾಕಿ. ಇಲ್ಲಿಂದ ಮುಂದೆ ಬೀಟರ್ ಬೇಡ, ಸ್ಪ್ಯಾಚುಲಾದಲ್ಲಿ ತಳದಿಂದ ಮೇಲಕ್ಕೆ ಮಗುಚುವುದಷ್ಟೇ. ಸಕ್ಕರೆಯ ಕಡುಪಾಕ, ಸಿಪ್ಪೆಯ ತುರಿ, ಹಣ್ಣು, ಹುರಿದ ಬಾದಾಮಿ ಇದೇ ಕ್ರಮದಲ್ಲಿ. ಹದ ನೋಡುವುದು ಹೀಗೆ: ಚಮಚದಲ್ಲಿ ತೆಗೆದು ಹಿಡಿದರೆ ಹಿಟ್ಟು ಬೀಳಬಾರದು, ಒಮ್ಮೆ ಕುಲುಕಿದರೆ ದೊಪ್ಪನೆ ಬೀಳಬೇಕು. ತಾನಾಗಿ ಜಾರಿದರೆ ನೀರು ಹೆಚ್ಚಾಗಿದೆ, ಬಹುತೇಕ ಹಣ್ಣಿನ ದ್ರವ ಬಸಿಯದೆ ಸುರಿದಿದ್ದೀರಿ. ಇನ್ನೆರಡು ಚಮಚ ಬಾದಾಮಿ ಪುಡಿ ಹಾಕಿ, ಮೈದಾ ಬೇಡ.

ಹಣ್ಣಿಗೆ ಮೈದಾ ಸವರಿದರೆ ತಳಕ್ಕೆ ಇಳಿಯುವುದಿಲ್ಲ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ತೆಳ್ಳನೆ ಹಿಟ್ಟಿನಲ್ಲಿ ಮೈದಾ ಸವರಿದ ಹಣ್ಣೂ ಇಳಿಯುತ್ತದೆ, ಗಟ್ಟಿ ಹಿಟ್ಟಿನಲ್ಲಿ ಸವರದ ಹಣ್ಣೂ ನಿಲ್ಲುತ್ತದೆ. ನಮ್ಮ ಒಂದಕ್ಕೆ ನಾಲ್ಕರ ಲೆಕ್ಕದಲ್ಲಂತೂ ಹಣ್ಣಿಗೆ ಇಳಿಯಲು ಜಾಗವೇ ಇರುವುದಿಲ್ಲ.

ಟಿನ್ನಿನ ತಯಾರಿಯನ್ನು ಉಡಾಫೆ ಮಾಡಬೇಡಿ. ನಾಲ್ಕು ಗಂಟೆ ಓವನ್ನಿನಲ್ಲಿರುವ ಕೇಕು ಇದು. ಒಳಗೆ ಬಟರ್ ಪೇಪರ್ ಎರಡು ಪದರ, ತಳಕ್ಕೂ ಸುತ್ತಲೂ, ಟಿನ್ನಿನ ಅಂಚಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ ನಿಲ್ಲುವಂತೆ. ಹೊರಗೆ ಕಂದು ಕಾಗದವನ್ನು ಎರಡು ಮೂರು ಮಡಿಕೆ ಮಾಡಿ ಸುತ್ತಿ ಹತ್ತಿಯ ದಾರದಿಂದ ಕಟ್ಟಿ. ಕಾಗದ ಬಿಸಿಯನ್ನು ತಡೆಯುತ್ತದೆ, ಅಂಚು ಮತ್ತು ನಡುಭಾಗ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೇಯುತ್ತವೆ. ಕಾಗದ ಓವನ್ನಿನ ರಾಡಿಗೆ ತಾಗುವಂತಿರಬಾರದು. ಚಿಕ್ಕ ಓವನ್ನಾದರೆ ಇದನ್ನು ಮೊದಲೇ, ತಣ್ಣಗಿರುವಾಗಲೇ, ಖಾಲಿ ಟಿನ್ನಿಟ್ಟು ನೋಡಿಕೊಳ್ಳಿ. ಹಿಟ್ಟು ತುಂಬಿ ಚಮಚದ ಒದ್ದೆ ಬೆನ್ನಿನಿಂದ ಸಮ ಮಾಡಿ, ನಡುವೆ ಒಂದು ಸೆಂಟಿಮೀಟರಿನಷ್ಟು ತಗ್ಗು ಮಾಡಿ. ಅಂಚು ಮೊದಲು ಗಟ್ಟಿಯಾಗಿ ನಡುವೆ ಕೊನೆಯವರೆಗೂ ಏಳುವುದರಿಂದ ತಗ್ಗು ಮಾಡಿದ್ದು ಬೆಂದಾಗ ಸಮವಾಗುತ್ತದೆ. ಮೇಲೆ ಇಣುಕುವ ಒಣದ್ರಾಕ್ಷಿಗಳನ್ನು ಒಳಗೆ ಒತ್ತಿ, ಇಲ್ಲದಿದ್ದರೆ ಉಬ್ಬಿ ಸುಟ್ಟು ಕಹಿಯಾಗುತ್ತವೆ.

ಓವನ್ 140 ಡಿಗ್ರಿ, ಫ್ಯಾನ್ ಇದ್ದರೆ 120. ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ಡಿಗ್ರಿಗೂ ವ್ಯತ್ಯಾಸ ಇರುವುದು ತೀರಾ ಸಾಮಾನ್ಯ. ಒಳಗಿಡುವ ಥರ್ಮಾಮೀಟರ್ ದೊಡ್ಡ ಖರ್ಚಲ್ಲ, ಒಂದು ತಂದಿಟ್ಟುಕೊಳ್ಳಿ. ಕೆಳಗಿನ ಮೂರನೇ ಒಂದು ಭಾಗದಲ್ಲಿ ಟಿನ್ನಿಡಿ. ಎರಡು ಗಂಟೆ ಬಾಗಿಲು ತೆಗೆಯಬಾರದು. ನಡುಭಾಗ ಇನ್ನೂ ದ್ರವವಾಗಿರುವಾಗ ತಣ್ಣನೆ ಗಾಳಿ ಹೊಡೆದರೆ ಕುಸಿಯುತ್ತದೆ. ಎರಡು ಗಂಟೆಯ ಮೇಲೆ, ಬಣ್ಣ ಬಂದಿದ್ದರೆ, ನಡುವೆ ನಾಣ್ಯದಷ್ಟು ತೂತು ಮಾಡಿದ ಜೋಡಿ ಬಟರ್ ಪೇಪರ್ ಮೇಲೆ ಹೊದಿಸಿ, ಆವಿ ಹೋಗಲು ದಾರಿ ಬೇಕು. ಮೇಲೆ ಗುಡ್ಡದಂತೆ ಎದ್ದು ಬಿರುಕು ಬಿಟ್ಟಿದ್ದರೆ ಓವನ್ ಜಾಸ್ತಿ ಬಿಸಿಯಿತ್ತು. ಹೊರಪದರ ಬೇಗ ಗಟ್ಟಿಯಾಗಿದೆ, ಒಳಗಿನದು ಅದನ್ನು ಸೀಳಿಕೊಂಡು ಬಂದಿದೆ.

ಮೂರೂವರೆ ಗಂಟೆಗೆ ಮೊದಲ ಪರೀಕ್ಷೆ, ನಾಲ್ಕರಿಂದ ನಾಲ್ಕೂವರೆಗೆ ಸಾಮಾನ್ಯವಾಗಿ ಆಗಿರುತ್ತದೆ. ಕಡ್ಡಿ ಚುಚ್ಚಿದಾಗ ಏನಾದರೂ ಅಂಟಿದರೆ ಅದು ಹಸಿ ಹಿಟ್ಟೋ, ಹಣ್ಣಿನ ಜಿಗುಟೋ ನೋಡಿ. ಬೆರಳಲ್ಲಿ ಉಜ್ಜಿದರೆ ಹಿಟ್ಟು ಬಿಳಿಚಾಗಿ ಹರಡುತ್ತದೆ, ಹಣ್ಣು ಕಪ್ಪಗೆ ಎಳೆಯಾಗುತ್ತದೆ. ಅನುಮಾನವಿದ್ದರೆ ಬೇರೆ ಜಾಗದಲ್ಲಿ ಚುಚ್ಚಿ. ಇನ್ನೊಂದು ಪರೀಕ್ಷೆ ನನಗೆ ಹೆಚ್ಚು ಇಷ್ಟ: ಟಿನ್ನನ್ನು ಹೊರತೆಗೆದು ಕಿವಿ ಹತ್ತಿರ ತನ್ನಿ. ಬೇಯದ ಕೇಕು ಸಣ್ಣಗೆ ಸಿಳ್ಳೆ ಹಾಕಿದಂತೆ, ಗುಜುಗುಜು ಸದ್ದು ಮಾಡುತ್ತಿರುತ್ತದೆ, ಒಳಗಿನ ನೀರು ಇನ್ನೂ ಕುದಿಯುತ್ತಿದೆ ಎಂದರ್ಥ. ಬೆಂದದ್ದರಲ್ಲಿ ಸದ್ದು ಹೆಚ್ಚುಕಡಿಮೆ ನಿಂತಿರುತ್ತದೆ. ಚುಚ್ಚುವ ಥರ್ಮಾಮೀಟರ್ ಇದ್ದವರು ನಡುವೆ 95 ಡಿಗ್ರಿಯ ಆಸುಪಾಸು ನೋಡಿ.

ಬಿಸಿಯಿರುವಾಗ ಟಿನ್ನಿನಿಂದ ತೆಗೆಯಬೇಡಿ, ಹಣ್ಣಿನ ಭಾರಕ್ಕೆ ಒಡೆಯುತ್ತದೆ. ಬೆಚ್ಚಗಿರುವಾಗಲೇ ಕಡ್ಡಿಯಿಂದ ಹತ್ತಾರು ಕಡೆ ಚುಚ್ಚಿ ಎರಡು ದೊಡ್ಡ ಚಮಚ ಬ್ರಾಂಡಿ ಹನಿಸಿ, ಟಿನ್ನಿನಲ್ಲೇ ರಾತ್ರಿಯಿಡೀ ಬಿಡಿ. ಪೂರ್ತಿ ಆರಿದ ಮೇಲೆಯೇ ಸುತ್ತುವುದು. ಉಗುರುಬೆಚ್ಚಗಿದ್ದರೂ ಒಳಗೆ ಆವಿ ಹನಿಗಟ್ಟಿ, ಬೂಷ್ಟು ಮೊದಲು ಅಲ್ಲೇ ಹಿಡಿಯುತ್ತದೆ. ಮೊದಲು ಬಟರ್ ಪೇಪರ್, ಅದರ ಮೇಲೆ ಫಾಯಿಲ್. ಫಾಯಿಲ್ ನೇರವಾಗಿ ತಾಗಿದರೆ ಹಣ್ಣಿನ ಹುಳಿ ಅಲ್ಯೂಮಿನಿಯಮ್ಮನ್ನು ತಿಂದು ತೂತು ಮಾಡುತ್ತದೆ, ಕೇಕಿನ ಮೇಲೆ ಬೂದು ಕಲೆ ಉಳಿಯುತ್ತದೆ.

ಆಮೇಲೆ ವಾರಕ್ಕೊಮ್ಮೆ ಒಂದು ದೊಡ್ಡ ಚಮಚ ಬ್ರಾಂಡಿ, ಹೆಚ್ಚೆಂದರೆ ಎರಡು. ಒಂದು ವಾರ ಮೇಲಿನಿಂದ, ಮುಂದಿನ ವಾರ ಮಗುಚಿ ತಳದಿಂದ. ನಾಲ್ಕರಿಂದ ಆರು ವಾರ ಸಾಕು. ಪ್ರೀತಿ ಹೆಚ್ಚಾಗಿ ದಿನಾ ಸುರಿಯುವವರ ಕೇಕು ತಳದಲ್ಲಿ ಹಸಿ ಹಿಟ್ಟಿನಂತಾಗುತ್ತದೆ. ಬೆಂದ ಮೇಲೆ ಹಾಕಿದ ಮದ್ಯ ಹಾಗೆಯೇ ಉಳಿಯುತ್ತದೆ, ಮಕ್ಕಳಿಗೋ ಬಸುರಿಯರಿಗೋ ಕೊಡುವುದಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ. ರಸದಲ್ಲಿ ನೆನೆಸಿದ ಕೇಕಿಗೆ ವಾರವಾರ ರಸ ಹನಿಸಲೇಬೇಡಿ, ಅದು ಬೂಷ್ಟಿಗೆ ಊಟ ಬಡಿಸಿದಂತೆ. ಆಗಲೇ ಎತ್ತಿಡಿ ಎಂದ ಕಿತ್ತಳೆ ಪಾಕವನ್ನು ಬಿಸಿಮಾಡಿ ಬೆಂದ ದಿನ ಒಮ್ಮೆ ಸವರಿ, ಆಮೇಲೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದೊಳಗೆ ಮುಗಿಸಿ, ಇಲ್ಲವೇ ಫ್ರೀಜ್ ಮಾಡಿ.

ಇಷ್ಟು ದಿನ ಹೇಗೆ ಕೆಡದೆ ಇರುತ್ತದೆ ಎಂಬ ಪ್ರಶ್ನೆ ಬರುತ್ತದೆ. ಕೇಕಿನಲ್ಲಿ ನೀರಿದೆ, ಆದರೆ ಅದನ್ನು ಸಕ್ಕರೆ ಹಿಡಿದಿಟ್ಟುಕೊಂಡಿದೆ. ಬ್ಯಾಕ್ಟೀರಿಯಾಗಳ ಕೈಗೆ ಸಿಗುವ ನೀರು ಬಹಳ ಕಡಿಮೆ, ಮದ್ಯ ಅದರ ಮೇಲೊಂದು ಕಾವಲು. ಅಂಟಾರ್ಕ್ಟಿಕಾದ ಕೇಪ್ ಅಡೇರಿನ ಗುಡಿಸಿಲಿನಲ್ಲಿ 2017ರಲ್ಲಿ ಹಂಟ್ಲಿ ಅಂಡ್ ಪಾಮರ್ಸ್ ಕಂಪನಿಯ ಒಂದು ಫ್ರೂಟ್ ಕೇಕು ಸಿಕ್ಕಿತು. 1910ರಲ್ಲಿ ದಕ್ಷಿಣ ಧ್ರುವದ ಅನ್ವೇಷಣೆಗೆ ಹೊರಟ ಬ್ರಿಟಿಷ್ ನೌಕಾಧಿಕಾರಿ ರಾಬರ್ಟ್ ಸ್ಕಾಟ್ ಅವರ ತಂಡದ್ದು ಎಂದು ನಂಬಲಾಗಿದೆ. ಡಬ್ಬ ತುಕ್ಕು ಹಿಡಿದಿತ್ತು, ಕೇಕು ನೋಡಲು ಚೆನ್ನಾಗಿಯೇ ಇತ್ತು, ಹತ್ತಿರ ಹೋದರೆ ಮಾತ್ರ ಕನರು ಬೆಣ್ಣೆಯ ವಾಸನೆ. ಗಮನಿಸಬೇಕಾದದ್ದು ಅದೇ. ಚಳಿಯೂ ಸಕ್ಕರೆಯೂ ಸೂಕ್ಷ್ಮಜೀವಿಗಳನ್ನು ತಡೆದವು, ಜಿಡ್ಡು ಗಾಳಿ ತಾಗಿ ಕನರುವುದನ್ನು ತಡೆಯಲಾಗಲಿಲ್ಲ. ಹಾಗಾಗಿ ಹಳೆಯ ಬೆಣ್ಣೆ, ಹಳೆಯ ಅಕ್ರೋಟು ಹಾಕಿ ತಿಂಗಳುಗಟ್ಟಲೆ ಇಡುವ ಕೇಕು ಮಾಡಬೇಡಿ. ಅಕ್ರೋಟು ಹಾಕುವ ಮೊದಲು ಒಂದನ್ನು ಬಾಯಿಗೆ ಹಾಕಿ ನೋಡಿ.

ಮೇಲೆ ಮಾರ್ಜಿಪ್ಯಾನ್ (ಬಾದಾಮಿ ಪುಡಿ, ಸಕ್ಕರೆ ಕಲಸಿದ ಕಣಕ), ಐಸಿಂಗ್ ಮಾಡುವವರಿಗೆ ಎರಡೇ ಮಾತು. ಕೊನೆಯ ಸಲ ಮದ್ಯ ಹನಿಸಿ ಒಂದು ವಾರ ಬಿಟ್ಟು ಮಾರ್ಜಿಪ್ಯಾನ್ ಹೊದಿಸಿ. ಅದು ಕನಿಷ್ಠ ಒಂದು ದಿನ, ತೇವದ ಹವೆಯಲ್ಲಿ ಎರಡು ಮೂರು ದಿನ, ಒಣಗಲಿ. ಇಲ್ಲದಿದ್ದರೆ ಬಾದಾಮಿ ಎಣ್ಣೆ ಬಿಳಿ ಐಸಿಂಗಿಗೆ ಹಳದಿ ಕಲೆಯಾಗಿ ಮೂಡುತ್ತದೆ.

ಹಬ್ಬದ ತಟ್ಟೆಯಲ್ಲಿ ಜೊತೆಗಿಡಲು ಶಾರ್ಟ್‌ಬ್ರೆಡ್ ಸುಲಭ, ಅದರ ಲೆಕ್ಕ ಒಂದು, ಎರಡು, ಮೂರು: ಸಕ್ಕರೆ 100, ಬೆಣ್ಣೆ 200, ಮೈದಾ 300. ಮೊಟ್ಟೆಯಿಲ್ಲ, ಹಾಲಿಲ್ಲ, ಬೆಣ್ಣೆಯೊಳಗೆ ಇರುವಷ್ಟೇ ನೀರು, ಅದಕ್ಕೇ ಗರಿಗರಿ. ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಫೋರ್ಕಿನಿಂದ ಚುಚ್ಚಿ, 160 ಡಿಗ್ರಿಯಲ್ಲಿ ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ, ಅರ್ಧ ಗಂಟೆಯ ಮೇಲೆಯೇ ಹಿಡಿಯುತ್ತದೆ. ಬಿಸಿಯಿರುವಾಗಲೇ ತುಂಡು ಮಾಡಿ, ಆರಿದ ಮೇಲೆ ಕತ್ತರಿಸಿದರೆ ಚೂರಾಗುತ್ತದೆ. ಇದನ್ನು ಫ್ರೂಟ್ ಕೇಕಿನ ಡಬ್ಬದಲ್ಲಿ ಮಾತ್ರ ಇಡಬೇಡಿ. ಕೇಕಿನ ತೇವವನ್ನೆಲ್ಲ ಎಳೆದುಕೊಂಡು ಎರಡೇ ದಿನದಲ್ಲಿ ಮೆತ್ತಗಾಗುತ್ತದೆ.

ಕೊನೆಗೆ ಕತ್ತರಿಸುವುದು. ಬೆಂದ ಮೇಲೆ ಮೂರು ನಾಲ್ಕು ದಿನವಾದರೂ ಮುಟ್ಟಬೇಡಿ. ಗರಗಸದ ಅಂಚಿನ ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಒತ್ತದೆ ಎಳೆದೆಳೆದು ಕುಯ್ಯಿರಿ, ಪ್ರತಿ ತುಂಡಿಗೂ ಚಾಕು ಒರೆಸಿ. ಕತ್ತರಿಸಿದ ಮುಖಕ್ಕೆ ಬಟರ್ ಪೇಪರ್ ಒತ್ತಿ ಅಂಟಿಸಿ ಮತ್ತೆ ಸುತ್ತಿಡಿ. ದುಂಡು ಕೇಕನ್ನು ಅಂಚಿನಿಂದ ತ್ರಿಕೋನವಾಗಿ ಕುಯ್ಯುತ್ತಾ ಹೋಗುವ ಬದಲು ನಡುವಿನಿಂದ ಒಂದು ಪಟ್ಟಿ ತೆಗೆದು, ಉಳಿದ ಎರಡು ಅರ್ಧಗಳನ್ನು ಮುಖಕ್ಕೆ ಮುಖ ಒತ್ತಿ ಜೋಡಿಸಿ ಸುತ್ತಿದರೆ ಗಾಳಿಗೆ ತೆರೆದ ಭಾಗವೇ ಉಳಿಯುವುದಿಲ್ಲ.